ಪ್ರತಿಕ್ರಿಯೆ: ಬ್ರೇನ್ ಮ್ಯಾಪ್ ನೋಡಿ 40 ಸೆಷನ್‌ಗೆ ದುಡ್ಡು ಕಟ್ಟಬಹುದೇ?

9 ವರ್ಷದ ಮಗನಿಗೆ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ), ಬ್ರೇನ್ ಮ್ಯಾಪಿಂಗ್‌ನಲ್ಲಿ ಥೀಟಾ-ಬೀಟಾ ಅನುಪಾತ (ಮಿದುಳಿನ ನಿಧಾನದ ಥೀಟಾ ಅಲೆಗೂ ವೇಗದ ಬೀಟಾ ಅಲೆಗೂ ಇರುವ ಅನುಪಾತ) ಜಾಸ್ತಿ ಬಂದಿದೆ, 40 ಸೆಷನ್ ನ್ಯೂರೋಫೀಡ್‌ಬ್ಯಾಕ್‌ಗೆ (ಮಿದುಳಿನ ಅಲೆಗಳನ್ನು ಪರದೆಯಲ್ಲಿ ತೋರಿಸುತ್ತ ಅವನ್ನು ಬದಲಿಸಲು ಕಲಿಸುವ ತರಬೇತಿಗೆ) ಮುಂಗಡ ಕಟ್ಟಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

ಬ್ರೇನ್ ಮ್ಯಾಪ್ ಎಂದು ಕೊಡುವ ಆ ಬಣ್ಣದ ಚಿತ್ರ ಮಿದುಳಿನ ಫೋಟೋ ಅಲ್ಲ. ಸಾಮಾನ್ಯವಾಗಿ ತಲೆಯ ಮೇಲೆ 19 ಎಲೆಕ್ಟ್ರೋಡ್ ಇಟ್ಟು ತೆಗೆದ ಇಇಜಿಯನ್ನು (ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು) ಅದೇ ವಯಸ್ಸಿನವರ ಸರಾಸರಿಗೆ ಹೋಲಿಸಿ ಬಳಿದ ಲೆಕ್ಕ ಅದು. ಮಗು ತೂಕಡಿಸಿದರೆ ಥೀಟಾ (ಸೆಕೆಂಡಿಗೆ 4–8 ಅಲೆ) ಏರುತ್ತದೆ. ಕಣ್ಣು ಮಿಟುಕಿಸಿದರೆ ಹಣೆಯ ಕಡೆ ನಿಧಾನದ ಅಲೆ ಬೆರೆಯುತ್ತದೆ. ಹಲ್ಲು ಕಚ್ಚಿದರೆ ಸ್ನಾಯುವಿನ ವಿದ್ಯುತ್ ಸಂಕೇತ ಬೀಟಾ ವೇಷ ಹಾಕಿಕೊಂಡು ಬರುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರಂತೂ ಎಲೆಕ್ಟ್ರೋಡ್‌ಗೆ ಸರಿಯಾದ ಸಂಪರ್ಕವೇ ಸಿಗುವುದಿಲ್ಲ. ಆದ್ದರಿಂದ ಮೂಲ ಅಲೆಗಳ ದಾಖಲೆ ಕೇಳಿ. ಕಣ್ಣು ತೆರೆದಾಗ, ಮುಚ್ಚಿದಾಗ ಬೇರೆಬೇರೆ ತೆಗೆದರೇ? ಇಂಥ ಬೆರಕೆ ಕಳೆದು ಶುದ್ಧ ಭಾಗ ಎಷ್ಟು ನಿಮಿಷ ಉಳಿಯಿತು? ಎಲ್ಲ ಸರಿಯಿದ್ದರೂ, ಆ ಅನುಪಾತವೊಂದರಿಂದಲೇ ಎಡಿಎಚ್‌ಡಿ ಎಂದು ತೀರ್ಮಾನಿಸಲಾಗದು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 7–10 ವಯಸ್ಸಿನ ಮಕ್ಕಳಿಗೆ ಇದೇ ಥೀಟಾ-ಬೀಟಾ ತರಬೇತಿಯನ್ನು 38 ಸೆಷನ್‌ವರೆಗೆ ಕೊಟ್ಟರು. ಗಮನ ಸುಧಾರಿಸಿತು, ನಿಜ. ಆದರೆ ಹುಸಿ ತರಬೇತಿ (ನೋಡಲು ಹಾಗೇ, ಆದರೆ ಮಗುವಿನ ಸ್ವಂತ ಅಲೆಗೆ ಸಂಬಂಧವಿಲ್ಲದ್ದು) ಪಡೆದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತು!

ಮೊದಲು ಮಕ್ಕಳ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ಅದಕ್ಕೇ ವಿಭಾಗವಿದೆ. ನಿದ್ದೆ, ಕಿವಿ, ಕಣ್ಣುಗಳ ತಪಾಸಣೆಯೂ ಆಗಲಿ. ಆಮೇಲೂ ಮಾಡಿಸುವ ಮನಸ್ಸಿದ್ದರೆ ಸೆಷನ್ ಲೆಕ್ಕದಲ್ಲೇ ಹಣ ಕೊಡಿ. ಶುರುವಿಗೆ ಮುಂಚೆ ಮತ್ತು 12ನೇ ಸೆಷನ್ ಆದಮೇಲೆ ಟೀಚರ್ ಕೈಲಿ ಮಗನ ಗಮನ, ವರ್ತನೆಯ ಬಗ್ಗೆ ಎರಡೂ ಸಲ ಅದೇ ಪ್ರಶ್ನಾವಳಿ ತುಂಬಿಸಿ, ತರಬೇತಿಯ ಸುದ್ದಿ ಅವರಿಗೆ ಹೇಳದೆ. ಈಗಾಗಲೇ ಔಷಧಿ ಕೊಡುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.