ಕಾರೋ ವಿಮಾನವೋ: ಓಡಿಸುವವರಿಗೂ ಅದು ರಜೆಯೇ?

ಪ್ರಶ್ನೆ: ಮೇಡಂ, ಮಕ್ಕಳ ರಜೆಯಲ್ಲಿ ಹತ್ತು ದಿನದ ಪ್ರವಾಸ ಹಾಕಿಕೊಂಡಿದ್ದೇವೆ. ಹೋಗುವ ಊರು ಮನೆಯಿಂದ 1,200 ಕಿಲೋಮೀಟರ್. ಯಜಮಾನರು ಕಾರಿನಲ್ಲೇ ಹೋಗೋಣ ಅಂತ ಹಟ ಹಿಡಿದಿದ್ದಾರೆ. "ಶುಕ್ರವಾರ ಆಫೀಸ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಹೊರಟರೆ ಟ್ರಾಫಿಕ್ ಇರಲ್ಲ, ಮಕ್ಕಳು ಮಲಗಿರ್ತಾರೆ, ಶನಿವಾರ ಸಂಜೆಗೆ ಅಲ್ಲಿರ್ತೀವಿ" ಅನ್ನುವುದು ಅವರ ಲೆಕ್ಕ. ವಿಮಾನದ ಟಿಕೆಟ್‌ಗೆ ಸುರಿಯುವ ದುಡ್ಡಿನಲ್ಲಿ ಇನ್ನೆರಡು ದಿನ ಹೆಚ್ಚಿಗೆ ಇರಬಹುದಂತೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಎಂಟು ವರ್ಷದ ಮಗನಿಗೆ ಕಾರು ಹತ್ತಿದರೆ ವಾಂತಿ. ಮಗಳಿಗೆ ನಾವು ಅಲ್ಲಿದ್ದಾಗಲೇ ಎರಡು ವರ್ಷ ತುಂಬುತ್ತದೆ. ಅತ್ತೆಯವರಿಗೆ ಮಂಡಿನೋವು, ಅವರು ಇದುವರೆಗೂ ವಿಮಾನ ಹತ್ತಿದವರಲ್ಲ. ಅಲ್ಲಿಗೆ ಹೋದಮೇಲೆ ಸುತ್ತಾಡಲು ಗಾಡಿಯಂತೂ ಬೇಕೇ ಬೇಕು. ಮನೆಯಲ್ಲಿ ದಿನವೂ ಇದೇ ಜಟಾಪಟಿ. ಏನು ಮಾಡೋಣ?

(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ವಿಮಾನದಲ್ಲಿ ಹೋಗಿ. ಅಲ್ಲಿ ಇಳಿದು ಬಾಡಿಗೆ ಕಾರು ತೆಗೆದುಕೊಳ್ಳಿ. ಉತ್ತರ ಇಷ್ಟೇ. ಆದರೆ ಇದನ್ನು ಕತ್ತರಿಸಿ ಯಜಮಾನರ ಮುಂದೆ ಹಿಡಿದರೆ ಅವರು ಒಪ್ಪುವುದಿಲ್ಲವಲ್ಲ, ಅದಕ್ಕೇ ಕಾರಣಗಳನ್ನೂ ಬರೆಯುತ್ತೇನೆ.

ನಾನು ಟ್ರಾವೆಲ್ ಏಜೆನ್ಸಿಯ ಕೌಂಟರಿನ ಹಿಂದೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು. ಕೌಂಟರಿನ ಆಚೆ ಗಂಡ ಹೆಂಡತಿ ಈ ವಿಷಯಕ್ಕೆ ವಾದ ಮಾಡುವುದನ್ನು ಎಷ್ಟು ಸಲ ನೋಡಿದ್ದೇನೋ. ಎಲ್ಲರೂ ಹಿಡಿದುಕೊಳ್ಳುವುದು ಎರಡೇ ಲೆಕ್ಕ: ಎಷ್ಟು ಕಿಲೋಮೀಟರ್, ಎಷ್ಟು ದುಡ್ಡು. ನಾನು ಮೊದಲು ಕೇಳುತ್ತಿದ್ದದ್ದು ಬೇರೆ: ಓಡಿಸಲು ಬರುವವರು ಎಷ್ಟು ಜನ? ನಿಮ್ಮಲ್ಲಿ ಒಬ್ಬರೇ. ಅಲ್ಲಿಗೆ ಮುಕ್ಕಾಲು ಪಾಲು ತೀರ್ಮಾನವಾಯಿತು.

ಯಜಮಾನರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಊರುಗಳನ್ನು ದಾಟಿ, ಟೋಲ್‌ನಲ್ಲಿ ನಿಂತು ಸಾಗುವ ಕಾರಿನ ಸರಾಸರಿ ವೇಗ ಗಂಟೆಗೆ 60 ಕಿಲೋಮೀಟರ್ ಸಿಕ್ಕರೆ ಪುಣ್ಯ. ಅಂದರೆ 1,200 ಕಿಲೋಮೀಟರ್‌ಗೆ 20 ಗಂಟೆ, ಚಕ್ರ ಉರುಳುತ್ತಿರುವ ಹೊತ್ತು ಮಾತ್ರ. ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಲೇಬೇಕು. ಅದು ಓಡಿಸುವವರ ಕಣ್ಣಿಗೂ ಬೇಕು, ಅತ್ತೆಯವರ ಮಂಡಿಗೂ ಬೇಕು. ಊಟ, ಇಂಧನ, ಮಗಳ ಡಯಾಪರ್, ಮಗನ ವಾಂತಿ ಎಲ್ಲ ಸೇರಿ 24 ಗಂಟೆ ದಾಟುತ್ತದೆ. ಶನಿವಾರ ಸಂಜೆಗಲ್ಲ, ಶನಿವಾರ ರಾತ್ರಿ ಹತ್ತಕ್ಕೆ ತಲುಪುತ್ತೀರಿ. ಶುಕ್ರವಾರ ಬೆಳಗ್ಗೆ ಆರಕ್ಕೆ ಎದ್ದ ಮನುಷ್ಯ ಅಷ್ಟು ಹೊತ್ತಿಗೆ 40 ಗಂಟೆ ನಿದ್ದೆಯಿಲ್ಲದೆ ಸ್ಟೀರಿಂಗ್ ಹಿಡಿದಿರುತ್ತಾರೆ.

ಒಂದೇ ಸಮನೆ 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇಕಡಾ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ. ಎಷ್ಟೋ ದೇಶಗಳಲ್ಲಿ ಕುಡಿದು ಓಡಿಸುವವರನ್ನು ಹಿಡಿಯುವ ಗೆರೆಯೇ ಅದು. 24 ಗಂಟೆಯಾದರೆ ಅದರ ದುಪ್ಪಟ್ಟು. ಆರಕ್ಕೆ ಎದ್ದವರಿಗೆ ಈ 17 ಗಂಟೆ ತುಂಬುವುದು ರಾತ್ರಿ ಹನ್ನೊಂದಕ್ಕೆ, ಅಂದರೆ ನೀವು ಹೊರಟು ಎರಡೇ ಗಂಟೆಗೆ. ಯಜಮಾನರು ಒಂದು ಗುಟುಕೂ ಕುಡಿಯದವರೇ ಇರಬಹುದು, ರಸ್ತೆಗೆ ಅದು ಗೊತ್ತಾಗುವುದಿಲ್ಲ. ಬೆಳಗಿನ ಜಾವ ಎರಡರಿಂದ ಆರರವರೆಗೆ ಯಾರ ದೇಹವಾದರೂ ನಿದ್ದೆಯನ್ನು ಬೇಡುತ್ತದೆ. ಆಗ ಬರುವುದು ತೂಕಡಿಕೆಯೂ ಅಲ್ಲ, ಮೂರು ನಾಲ್ಕು ಸೆಕೆಂಡಿನ ಮಂಪರು, ಬಂದುಹೋದದ್ದು ಬಂದವರಿಗೇ ತಿಳಿದಿರುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಎಂದರೆ 110 ಮೀಟರ್. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು ಇವೆಲ್ಲ ಐದು ಹತ್ತು ನಿಮಿಷದ ಆಟ. "ಮಕ್ಕಳು ಮಲಗಿರ್ತಾರೆ" ಅನ್ನುವುದು ನಿಜ. ನೀವೂ ಮಲಗಿರುತ್ತೀರಿ, ಅತ್ತೆಯವರೂ ಮಲಗಿರುತ್ತಾರೆ. ಓಡಿಸುವವರ ಜೊತೆ ಮಾತಾಡಲು ಒಬ್ಬರೂ ಇರುವುದಿಲ್ಲ.

ಕಾರಿನಲ್ಲೇ ಹೋಗುವುದಾದರೆ ಸರಿಯಾದ ಕ್ರಮವೆಂದರೆ ಹಗಲಿನ ಪಯಣ, ದಿನಕ್ಕೆ ಹೆಚ್ಚೆಂದರೆ 600 ಕಿಲೋಮೀಟರ್, ನಡುವೆ ಒಂದು ರಾತ್ರಿ ತಂಗುವುದು. ಹೋಗಲು ಎರಡು ದಿನ, ಬರಲು ಎರಡು ದಿನ. ಹತ್ತರಲ್ಲಿ ನಾಲ್ಕು ರಸ್ತೆಗೇ ಹೋಯಿತು. ವಿಮಾನವೂ "ಎರಡೇ ಗಂಟೆ" ಅಲ್ಲ ಅನ್ನಿ. ಮನೆಯಿಂದ ವಿಮಾನ ನಿಲ್ದಾಣ, ಎರಡು ಗಂಟೆ ಮುಂಚೆ ಹಾಜರಿ, ಇಳಿದಮೇಲೆ ಲಗೇಜಿಗೆ ಕಾಯುವುದು, ಅಲ್ಲಿಂದ ತಂಗುವ ಜಾಗ ಎಲ್ಲ ಕೂಡಿಸಿದರೆ ಏಳೆಂಟು ಗಂಟೆ. ಹಾಗಿದ್ದರೂ ಒಂದೇ ದಿನದಲ್ಲಿ ಮುಗಿಯುತ್ತದೆ. ಇದೇ ಕಾರಣಕ್ಕೆ 400-500 ಕಿಲೋಮೀಟರ್ ಒಳಗಿನ ಪ್ರವಾಸಕ್ಕೆ ನಾನು ಯಾರಿಗೂ ವಿಮಾನ ಹೇಳುವುದಿಲ್ಲ, ಅಲ್ಲಿ ಉಳಿಯುವ ಹೊತ್ತು ಏನೂ ಇಲ್ಲ.

ಇನ್ನೊಂದು ವಿಷಯ. ನಿಮ್ಮ ಪತ್ರದಲ್ಲಿ ಎಲ್ಲರ ಕಷ್ಟವೂ ಇದೆ, ನೀವು ಎಲ್ಲಿ ಕೂರುತ್ತೀರಿ ಅನ್ನುವುದು ಮಾತ್ರ ಇಲ್ಲ. ಮಂಡಿನೋವಿನ ಅತ್ತೆಯವರಿಗೆ ಕಾಲು ಚಾಚಲು ಮುಂದಿನ ಸೀಟು. ಹಿಂದೆ ಒಂದು ಕಡೆ ಮಗಳ ಚೈಲ್ಡ್ ಸೀಟು. ಓಡುವ ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಮಾತೇ ಬೇಡ, ಜೋರಾಗಿ ಬ್ರೇಕ್ ಬಿದ್ದರೆ ಯಾವ ತಾಯಿಯ ತೋಳಿಗೂ ಆ ಭಾರ ತಡೆಯುವ ಶಕ್ತಿ ಇಲ್ಲ. ಇನ್ನೊಂದು ಕಡೆ ಮಗ, ಎಂಟು ವರ್ಷಕ್ಕೆ ಅವನಿಗೂ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಬೇಕು, ಇಲ್ಲದಿದ್ದರೆ ಸೀಟ್ ಬೆಲ್ಟ್ ಕುತ್ತಿಗೆಗೆ ಬರುತ್ತದೆ. ಉಳಿದದ್ದು ನಡುವಿನ ಗೇಣು ಜಾಗ. ಅಲ್ಲಿ ನೀವು, ಕೈಯಲ್ಲಿ ವಾಂತಿಯ ಕವರು, 20 ಗಂಟೆ. ಯಜಮಾನರನ್ನು ಅವರದೇ ಕಾರಿನಲ್ಲಿ ಆ ಜಾಗದಲ್ಲಿ ಅರ್ಧ ಗಂಟೆ ಕೂರಿಸಿ ನೋಡಿ. ನನ್ನ ಇಡೀ ಉತ್ತರಕ್ಕಿಂತ ಅದೇ ಚೆನ್ನಾಗಿ ಕೆಲಸ ಮಾಡಬಹುದು.

ದುಡ್ಡಿನ ಮಾತು. ಎರಡೂ ಕಡೆ ಪೂರ್ತಿ ಬರೆದು ಕೂಡಿಸಿ. ಕಾರಿನ ಪಟ್ಟಿಗೆ ಇಂಧನದ ಜೊತೆ ಟೋಲ್, ಹೋಗುತ್ತಾ ಬರುತ್ತಾ ತಂಗುವ ಎರಡು ರಾತ್ರಿಯ ರೂಮು, ದಾರಿಯ ಊಟ, 2,400 ಕಿಲೋಮೀಟರ್‌ನ ಟೈರು, ಸರ್ವಿಸು. ವಿಮಾನದ ಪಟ್ಟಿಗೆ ಟಿಕೆಟ್ ಜೊತೆ ಲಗೇಜಿನ ಹೆಚ್ಚುವರಿ ಶುಲ್ಕ, ನಿಲ್ದಾಣಕ್ಕೆ ಟ್ಯಾಕ್ಸಿ, ಅಲ್ಲಿನ ಬಾಡಿಗೆ ಕಾರು. ಇಷ್ಟಾದ ಮೇಲೂ ಐದು ಜನಕ್ಕೆ ಕಾರೇ ಅಗ್ಗವಾಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಕಾರಿನ ಖರ್ಚು ಗಾಡಿಗೆ ಒಂದು, ವಿಮಾನದ ಖರ್ಚು ತಲೆಗೆ ಒಂದು. ಜನ ಹೆಚ್ಚಿದಷ್ಟೂ ಕಾರಿನ ಕೈ ಮೇಲು. ಬಂದ ವ್ಯತ್ಯಾಸವನ್ನು ಉಳಿಯುವ ಎರಡು ದಿನಕ್ಕೆ ಭಾಗಿಸಿ. ರಜೆಯ ಒಂದೊಂದು ದಿನಕ್ಕೆ ಅಷ್ಟು ಕೊಡಬಹುದೋ ಬೇಡವೋ, ಅದನ್ನು ಇಬ್ಬರೂ ಕೂತು ನೋಡಿ. ಹೆಚ್ಚು ದಿನ ಉಳಿದುಕೊಳ್ಳಬಹುದು ಎಂಬ ಅವರ ವಾದಕ್ಕೂ ಇದೇ ಉತ್ತರ: ರಸ್ತೆಗೆ ಹೋಗುವ ದಿನಗಳೇ ಅವು.

ಇನ್ನು ಟಿಕೆಟ್. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಹೋಗಬಹುದು, ಸ್ವಲ್ಪವೇ ದುಡ್ಡು. ಆದರೆ ವಿಮಾನ ಸಂಸ್ಥೆಯವರು ನೋಡುವುದು ಪ್ರಯಾಣದ ದಿನದ ವಯಸ್ಸನ್ನು. ಹೋಗುವಾಗ ನಿಮ್ಮ ಮಗಳು ಮಡಿಲ ಕೂಸು, ಬರುವಾಗ ಅವಳಿಗೇ ಒಂದು ಸೀಟು. ಇದನ್ನು ಬುಕ್ ಮಾಡುವಾಗಲೇ ಹೇಳಿ. ಹೇಳದೆ, ವಾಪಸ್ ಬರುವ ದಿನ ಚೆಕ್-ಇನ್ ಕೌಂಟರಿನಲ್ಲಿ ಅಂದಿನ ದರಕ್ಕೆ ಸೀಟು ಕೊಂಡು ಕಣ್ಣೀರಿಟ್ಟವರನ್ನು ನೋಡಿದ್ದೇನೆ. ನೇರ ವಿಮಾನವೇ ಇರಲಿ. ನಡುವೆ ಬದಲಿಸಲೇಬೇಕಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಬೇಕು, ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವುದು ಸಂಸ್ಥೆಯವರ ಹೊಣೆ. ಬೇರೆ ಬೇರೆ ಕೊಂಡರೆ ಅದು ನಿಮ್ಮ ಹಣೆಬರಹ. ಬೆಳಗಿನ ಮೊದಲ ವಿಮಾನ ಸಿಕ್ಕರೆ ಬಿಡಬೇಡಿ. ಒಂದೇ ವಿಮಾನ ದಿನವಿಡೀ ಊರೂರು ಸುತ್ತುವುದರಿಂದ ತಡ ಅನ್ನುವುದು ಸಂಜೆಯತ್ತ ಗುಡ್ಡೆಯಾಗುತ್ತಾ ಹೋಗುತ್ತದೆ.

ಅತ್ತೆಯವರಿಗೆ ವೀಲ್‌ಚೇರ್ ಹೇಳಿ, ಕಡೇಪಕ್ಷ 48 ಗಂಟೆ ಮುಂಚೆ. ಇದರಲ್ಲೂ ಮೂರು ಬಗೆ, ಒಂದೊಂದಕ್ಕೂ ವಿಮಾನ ಸಂಸ್ಥೆಯವರ ಒಂದೊಂದು ಸಂಕೇತ. ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲೆ ಅನ್ನುವವರಿಗೆ ಡಬ್ಲ್ಯೂಸಿಎಚ್‌ಆರ್. ಮೆಟ್ಟಿಲೂ ಆಗದು ಅನ್ನುವವರಿಗೆ ಡಬ್ಲ್ಯೂಸಿಎಚ್‌ಎಸ್. ಸೀಟಿನವರೆಗೂ ಕರೆದೊಯ್ಯಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಬರೀ "ವೀಲ್‌ಚೇರ್ ಬೇಕು" ಎಂದು ಬಿಟ್ಟರೆ ಮೊದಲನೆಯದನ್ನು ಹಾಕಿ, ಕೊನೆಗೆ ಏಣಿಯ ಬುಡದಲ್ಲಿ ನಿಲ್ಲಿಸುವ ಸಂಭವ ಇದೆ. ಮಂಡಿನೋವಿಗೆ ಎರಡನೆಯದೇ ಸರಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಪವರ್ ಬ್ಯಾಂಕ್ ಕೂಡ. ಅದನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ.

ಮಗಳ ಕಿವಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತದೆ. ಇಳಿಯುವಾಗ ಒತ್ತಡ ಮತ್ತೆ ಏರುತ್ತದೆ, ಕಿವಿ ಮತ್ತು ಗಂಟಲಿನ ನಡುವಿನ ಸಣ್ಣ ನಾಳ ಅದಕ್ಕೆ ಹೊಂದಿಕೊಳ್ಳದೆ ಮಕ್ಕಳು ಚೀರುತ್ತಾರೆ. ನುಂಗಿದಾಗ ಆ ನಾಳ ತೆರೆಯುತ್ತದೆ. ನೆಲ ಮುಟ್ಟಲು ಅರ್ಧ ಗಂಟೆ ಇರುವಾಗ ಮಗುವನ್ನು ಎಬ್ಬಿಸಿ ಹಾಲೋ ನೀರೋ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಮಲಗಿದ ಮಗುವನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಎಬ್ಬಿಸಿ. ನೆಗಡಿಯಿದ್ದರೆ ಹೊರಡುವ ಮುಂಚೆ ವೈದ್ಯರಿಗೆ ತೋರಿಸಿ.

ಮಗನ ವಾಂತಿ ಅಲ್ಲಿನ ಬಾಡಿಗೆ ಕಾರಿನಲ್ಲೂ ಕಾಡೀತು. ಒಳಗಿವಿ "ಚಲಿಸುತ್ತಿದ್ದೇವೆ" ಅನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು "ಇಲ್ಲ, ಕೂತಿದ್ದೇವೆ" ಅನ್ನುತ್ತದೆ, ಮಿದುಳು ಕಂಗಾಲಾಗುತ್ತದೆ. ಮೊಬೈಲ್ ಕಿತ್ತುಕೊಳ್ಳಿ, ಮುಂದಿನ ಗಾಜಿನಿಂದ ದೂರಕ್ಕೆ ನೋಡುವುದನ್ನು ರೂಢಿ ಮಾಡಿಸಿ. ದೊಡ್ಡವನಾದಂತೆ ಇದು ತಾನಾಗಿ ತಗ್ಗುತ್ತದೆ. ಬಾಡಿಗೆ ಕಾರು ಹೇಳುವಾಗ ಚೈಲ್ಡ್ ಸೀಟು, ಬೂಸ್ಟರ್ ಎರಡನ್ನೂ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಬಾಯಿಮಾತಿನ "ಇದೆ ಮೇಡಂ" ಅನ್ನುವುದನ್ನು ನಾನು ನಂಬುವುದಿಲ್ಲ.

ಯಜಮಾನರಿಗೆ ನನ್ನದೊಂದು ಮಾತು. ಸಾರ್, ನಿಮಗೆ ಕಾರು ಓಡಿಸುವುದು ಇಷ್ಟ, ಅದು ಪತ್ರದಲ್ಲೇ ಕಾಣುತ್ತದೆ. ಅಲ್ಲಿ ವಾರಪೂರ್ತಿ ಓಡಿಸಿ, ಹಗಲಲ್ಲಿ, ನಿದ್ದೆ ಮಾಡಿ ಎದ್ದು. ಓಡಿಸಿ ಓಡಿಸಿ ಸುಸ್ತಾಗಿ ಮೊದಲ ಎರಡು ದಿನ ಮಲಗಿಯೇ ಕಳೆಯಲು ನಿಮಗೂ ರಜೆ ಹಾಕಿಕೊಂಡದ್ದಲ್ಲವಷ್ಟೆ.

ಪ್ರಶ್ನೆ: ನಾವು ನಾಲ್ವರು, ಎಲ್ಲರಿಗೂ ಡ್ರೈವಿಂಗ್ ಬರುತ್ತದೆ, ದೂರ 900 ಕಿಲೋಮೀಟರ್. ವಿಮಾನದಿಂದ ಪರಿಸರಕ್ಕೆ ಹಾನಿ ಹೆಚ್ಚು ಎಂದು ಮಗಳು ಕಾರಿಗೆ ಹಟ ಮಾಡುತ್ತಿದ್ದಾಳೆ. ಅದು ನಿಜವೇ?

ಉತ್ತರ: ನಿಮ್ಮ ಮಗಳು ಹೇಳುವುದು ಸರಿ, ಕಾರು ತುಂಬಿದ್ದರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಅದು ಕಿಲೋಮೀಟರಿಗೆ 150 ಗ್ರಾಂ, ನಾಲ್ವರಿಗೆ ಹಂಚಿದರೆ ತಲಾ 40 ಗ್ರಾಂ ಕೂಡ ಇಲ್ಲ. ವಿಮಾನದಲ್ಲಿ ತಲೆಗೆ ಇದಕ್ಕಿಂತ ಹೆಚ್ಚೇ ಬೀಳುತ್ತದೆ. ಹತ್ತಿರದ ಹಾರಾಟಗಳಲ್ಲಂತೂ ಮೇಲೇರುವುದಕ್ಕೇ ಇಂಧನದ ದೊಡ್ಡ ಪಾಲು ಖರ್ಚಾಗುವುದರಿಂದ ಇನ್ನೂ ಹೆಚ್ಚು. ಒಬ್ಬರೇ ಕಾರಿನಲ್ಲಿ ಹೋದರೆ ಈ ಲಾಭ ಇರುವುದಿಲ್ಲ. ನಿಮ್ಮಲ್ಲಿ ಓಡಿಸುವವರು ನಾಲ್ವರು, ಎರಡೆರಡು ಗಂಟೆಗೆ ಕೈ ಬದಲಿಸಿಕೊಂಡು ಹಾಯಾಗಿ ಹೋಗಿ. ಲಗೇಜು ತುಂಬಿದ ಮೇಲೆ ಟೈರಿನ ಗಾಳಿ ಎಷ್ಟಿರಬೇಕೆಂದು ಚಾಲಕರ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಹೊರಡುವ ಮುಂಚೆ ಟೈರು ತಣ್ಣಗಿರುವಾಗಲೇ ನೋಡಿಸಿ.

ಪ್ರಶ್ನೆ: ಪಗ್ ತಳಿಯ ನಾಯಿಯನ್ನು ಪ್ರವಾಸಕ್ಕೆ ಕರೆದೊಯ್ಯಬೇಕು. ವಿಮಾನವೋ ಕಾರೋ?

ಉತ್ತರ: ಕಾರು. ಮೂತಿ ಚಪ್ಪಟೆಯಾದ ತಳಿಗಳಿಗೆ ಉಸಿರಾಟವೇ ಕಷ್ಟ, ಅದಕ್ಕೇ ಬಹಳಷ್ಟು ವಿಮಾನ ಸಂಸ್ಥೆಗಳು ಅವನ್ನು ಸರಕಿನ ಜಾಗದಲ್ಲಿ ಒಯ್ಯಲು ಒಪ್ಪುವುದಿಲ್ಲ. ಕಾರಿನಲ್ಲಿ ಬೆಲ್ಟು ಕಟ್ಟಿ ಇಲ್ಲವೇ ಪೆಟ್ಟಿಗೆಯಲ್ಲಿ ಕೂರಿಸಿ, ಮಡಿಲಲ್ಲಿ ಬೇಡ. ಊಟಕ್ಕೆ ನಿಲ್ಲಿಸಿದಾಗ "ಐದೇ ನಿಮಿಷ" ಎಂದು ಗಾಜು ಏರಿಸಿ ಒಳಗೆ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಊಟಕ್ಕೆ ಸರದಿಯ ಮೇಲೆ ಹೋಗಿ.