‘ಹೋಮ್ ಅಂಡ್ ಅವೇ’ಯ ಆಲ್ಫ್ ಸ್ಟುವರ್ಟ್ ಪಾತ್ರಧಾರಿ ಯಾರು? ಒಂದೇ ಪಾತ್ರದಲ್ಲಿ ಇಷ್ಟು ವರ್ಷ ಹೇಗೆ ಉಳಿದರು?

ಸಿಡ್ನಿಗೆ ಹೊಸದಾಗಿ ಬಂದಿದ್ದೀರಿ, ಸಂಜೆ ಏಳಕ್ಕೆ ಟಿವಿ ಹಾಕಿದರೆ ಆಸ್ಟ್ರೇಲಿಯಾದ ‘ಹೋಮ್ ಅಂಡ್ ಅವೇ’ ಧಾರಾವಾಹಿಯಲ್ಲಿ ಆಲ್ಫ್ ಆಗಿ ಕಾಣುವ ಆ ಸಿಡುಕು ಮುದುಕ ಯಾರು, ಒಂದೇ ಪಾತ್ರಕ್ಕೆ ಅಂಟಿಕೊಂಡವರನ್ನು ಒಳ್ಳೆಯ ನಟ ಅನ್ನಬಹುದಾ ಅಂತ ಕೇಳಿದ್ದೀರಿ. ಮೊದಲು ಹೆಸರು ಸರಿಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ ಎಂ-ಇ-ಎ-ಜಿ-ಎಚ್-ಇ-ಆರ್ ಎಂದು ಬರೆದರೂ ಓದುವುದು ‘ಮಾರ್’. ರೇ ಮಾರ್. ‘ಮೀಗರ್’ ಅಂದುಬಿಟ್ಟರೆ ನೀವು ಊರಿಗೆ ಹೊಸಬರು ಅಂತ ಎದುರಿನವರಿಗೆ ಗೊತ್ತಾಗಿಹೋಗುತ್ತದೆ.

ಹುಟ್ಟಿದ್ದು 1944ರ ಜುಲೈ 4ರಂದು, ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ರೋಮಾ ಊರಿನಲ್ಲಿ. ದನ, ಕುರಿಗಳ ಸೀಮೆ ಅದು. ಬಾಲ್ಯವೂ ಅಂಥದೇ ಜಾಗದಲ್ಲಿ ಕಳೆಯಿತು, ಓದಿದ್ದು ಬ್ರಿಸ್ಬೇನಿನ ಬೋರ್ಡಿಂಗ್ ಶಾಲೆಯಲ್ಲಿ. ಆಲ್ಫ್‌ನ ಮಾತಿನಲ್ಲಿ ಕೇಳುವ ಒರಟು ಎಳೆತಕ್ಕೆ ಬೇರೆ ತರಬೇತಿ ಬೇಕಾಗಿರಲಿಲ್ಲ ಅನ್ನಿಸುತ್ತದೆ.

ಆಲ್ಫ್‌ಗಿಂತ ಮುಂಚಿನ ಹತ್ತು ವರ್ಷವನ್ನು ಜನ ಮರೆತೇಬಿಡುತ್ತಾರೆ. ಒಳ್ಳೆಯ ನಟನಾ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. 1980ರ ‘ಬ್ರೇಕರ್ ಮೊರಾಂಟ್’ ಸಿನಿಮಾದಲ್ಲಿ ಸಾರ್ಜೆಂಟ್ ಮೇಜರ್ ಆಗಿ ಬರುತ್ತಾರೆ. ಹೆಂಗಸರ ಜೈಲಿನ ಕಥೆಯಾದ ‘ಪ್ರಿಸನರ್’ (1979–86) ಧಾರಾವಾಹಿಯಲ್ಲಂತೂ ಒಂದಲ್ಲ, ಮೂರು ಪಾತ್ರ: ಜೆಫ್ ಬಟ್ಲರ್, ಕರ್ಟ್ ರೆನ್ನರ್, ಕೊನೆಗೆ ಎರ್ನೆಸ್ಟ್ ಕ್ರೇವನ್. ಒಂದೇ ಮುಖವನ್ನು ಮೂರು ಹೆಸರಿನಲ್ಲಿ ತೋರಿಸುವುದು ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಅಲ್ಲಿ ಆಗ ವಾರಕ್ಕೆರಡು ಎಪಿಸೋಡ್ ಬೇಕು, ನಟರ ಸಂಖ್ಯೆ ಕಡಿಮೆ. ಹಳೆಯ ಪಾತ್ರ ಮುಗಿದು ಒಂದೆರಡು ವರ್ಷವಾದ ಮೇಲೆ ಅದೇ ನಟನನ್ನು ಬೇರೆ ವೇಷದಲ್ಲಿ ಕರೆಸುತ್ತಿದ್ದರು. ನಂಬಿ ಕರೆಯುವಂಥ ಖಳನಾಗಿ ಮಾರ್ ಹೊಟ್ಟೆ ಹೊರೆದದ್ದು ಹಾಗೆ.

‘ಹೋಮ್ ಅಂಡ್ ಅವೇ’ ಹುಟ್ಟಿದ್ದರ ಹಿಂದೆ ಚಾನೆಲ್ ಸೆವೆನ್‌ನ ಒಂದು ಎಡವಟ್ಟಿದೆ. 1985ರಲ್ಲಿ ಅದು ‘ನೇಬರ್ಸ್’ ಧಾರಾವಾಹಿಯನ್ನು ಕೈಬಿಟ್ಟಿತು. ಚಾನೆಲ್ ಟೆನ್ ಅದನ್ನು ಎತ್ತಿಕೊಂಡು ಗೆಲ್ಲಿಸಿತು. ಸೆವೆನ್‌ಗೆ ತನ್ನದೇ ಒಂದು ಬೇಕಾಯಿತು. ನಗರದ ಅನಾಥ ಮಕ್ಕಳನ್ನು ಸಾಕುವ ದಂಪತಿ ಕಡಲತೀರದ ಊರಿಗೆ ಬರುತ್ತಾರೆ, ಊರಿನ ಕೆಲವರಿಗೆ ಅದು ಹಿಡಿಸುವುದಿಲ್ಲ: ಅಲನ್ ಬೇಟ್‌ಮನ್ ಕಟ್ಟಿದ ಎಳೆ ಇಷ್ಟೇ. 1988ರ ಜನವರಿ 17ರಂದು ಮೊದಲ ಕಂತು ಬಂತು. ಆ ದಂಪತಿಗೆ ಕ್ಯಾರವಾನ್ ಪಾರ್ಕ್ (ಚಕ್ರದ ಮನೆಗಳನ್ನು ನಿಲ್ಲಿಸಿ ತಂಗುವ ಜಾಗ) ಮಾರುವ ಆಲ್ಫೇ ಆ ಮಕ್ಕಳನ್ನು ಕಂಡರೆ ಉರಿದುಬೀಳುವ ಊರ ಯಜಮಾನ. ಅಂದರೆ ಶುರುವಿನಲ್ಲಿ ಆಲ್ಫ್ ಇದ್ದದ್ದು ಎದುರು ಪಾಳಯದಲ್ಲಿ. ಅಷ್ಟು ವರ್ಷ ಖಳನಾಗಿ ಪಳಗಿದ್ದು ಇಲ್ಲಿ ಕೆಲಸಕ್ಕೆ ಬಂತು.

ಉಳಿದದ್ದು ಹೇಗೆ? ನನ್ನ ಲೆಕ್ಕದಲ್ಲಿ, ಪಾತ್ರವನ್ನು ನಿಲ್ಲಿಸಿದ ಜಾಗದಿಂದ. ಪ್ರೇಮಕಥೆಯ ಮೇಲೆ ನಿಂತ ಪಾತ್ರ ಮದುವೆಯಾದರೆ ಸಪ್ಪೆಯಾಗುತ್ತದೆ, ಬೇರೆಯಾದರೆ ಊರು ಬಿಡುತ್ತದೆ. ಕಿಮ್ ಹೈಡ್ ಆಗಿದ್ದ ಕ್ರಿಸ್ ಹೆಮ್ಸ್‌ವರ್ತ್ ಮೂರೇ ವರ್ಷಕ್ಕೆ ಹೊರಟರು, ಹೀತ್ ಲೆಡ್ಜರ್ ಇದ್ದದ್ದು ಇನ್ನೂ ಕಡಿಮೆ. ಆಲ್ಫ್ ಮಾತ್ರ ಊರಿನ ಅರಳಿಕಟ್ಟೆ ಇದ್ದಂತೆ, ಕಥೆ ಯಾರದ್ದೇ ಆಗಲಿ, ಅಲ್ಲಿ ಹಾದು ಹೋಗಲೇಬೇಕು. ಮಗಳು ರೂ ಪಾತ್ರದ ನಟಿಯೇ ಬದಲಾದರು: ಮೊದಲು ಜಸ್ಟಿನ್ ಕ್ಲಾರ್ಕ್, 2010ರಿಂದ ಜಾರ್ಜಿ ಪಾರ್ಕರ್. ಹೆಂಡತಿ ಐಲ್ಸಾ (ಜೂಡಿ ನನ್) 2000ದಲ್ಲಿ ಕಥೆಯಲ್ಲಿ ತೀರಿಕೊಂಡಳು. ಅಪ್ಪ ಬದಲಾಗಲಿಲ್ಲ. ಮೊದಲ ತಂಡದಲ್ಲಿ ಕೊನೆಗೆ ಉಳಿದದ್ದು ಅವರೊಬ್ಬರೇ. ಆಸ್ಟ್ರೇಲಿಯಾದ ಧಾರಾವಾಹಿಯಲ್ಲಿ ಅತಿ ದೀರ್ಘಕಾಲ ನಟಿಸಿದ ದಾಖಲೆಯೂ ಗಿನ್ನೆಸ್‌ನಲ್ಲಿ ಅವರ ಹೆಸರಿಗಿದೆ.

ಇನ್ನು ಆ ಬೈಗುಳ. ‘ಫ್ಲೇಮಿಂಗ್ ಗಲಾ’ ಅಂತ ಆಲ್ಫ್ ಯಾರನ್ನಾದರೂ ಗದರಿಸುವುದನ್ನು ಕೇಳಿರುತ್ತೀರಿ. ಗಲಾ ಅಂದರೆ ಗುಲಾಬಿ ಎದೆ, ಬೂದು ರೆಕ್ಕೆಯ ಕಾಕಟೂ ಗಿಳಿ. ಹಿಂಡುಗಟ್ಟಿ ಗಲಾಟೆ ಮಾಡುವ ಹಕ್ಕಿ, ಅಲ್ಲಿನ ಆಡುಮಾತಿನಲ್ಲಿ ಪೆದ್ದ ಅಂತ ಅರ್ಥ. ‘ಫ್ಲೇಮಿಂಗ್’ ನಿಜವಾದ ಕೆಟ್ಟ ಮಾತಿನ ಬದಲಿಗೆ ಬಂದು ಕೂತ ಪದ. ಸಂಜೆ ಏಳರ ಹೊತ್ತಿಗೆ ಮಕ್ಕಳೂ ನೋಡುತ್ತಾರೆ, ಅಸಲಿ ಬೈಗುಳ ಬಳಸುವಂತಿಲ್ಲ. ಮಾರ್ ಅದನ್ನು ಹೇಳುವ ರೀತಿ ಗಮನಿಸಿ: ಮೊದಲ ಪದವನ್ನು ಎಳೆದು, ಎರಡನೆಯದನ್ನು ಬಾಗಿಲು ಹಾಕಿದ ಹಾಗೆ ಮುಗಿಸುತ್ತಾರೆ. ಕಲ್ಲಿನಂಥ ಸಾಲನ್ನೂ ನಗೆ ಬರುವಂತೆ ಮಾಡುವುದು ಆ ಎಳೆತ.

ಕೆಲಸ ಸುಲಭವೇನಲ್ಲ. ವಾರಕ್ಕೆ ಐದು ಎಪಿಸೋಡಿನಷ್ಟು ಚಿತ್ರೀಕರಣ, ಒಂದೊಂದು ಸುಮಾರು 22 ನಿಮಿಷ. ಕೆಲವು ದಿನ ಸ್ಟುಡಿಯೋ, ಕೆಲವು ದಿನ ಸಿಡ್ನಿಯ ಉತ್ತರ ತುದಿಯ ಪಾಮ್ ಬೀಚ್. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಸ್ಟುಡಿಯೋ ಒಳಗೆ ಆಲ್ಫ್‌ನ ಬೇಟ್ ಶಾಪಿನ (ಮೀನು ಗಾಳದ ಹುಳ ಮಾರುವ ಅಂಗಡಿ) ಜಗಳ ಇವತ್ತಾದರೆ, ಆ ಜಗಳಕ್ಕೆ ಕಾರಣವಾದ ಮರಳಿನ ಮೇಲಿನ ಮಾತು ಮುಂದಿನ ವಾರ. ಕೋಪ ಎಷ್ಟು ಡಿಗ್ರಿಯಲ್ಲಿತ್ತು ಅಂತ ನಟ ನೆನಪಿಟ್ಟುಕೊಳ್ಳಬೇಕು. ಪ್ರಸಾರಕ್ಕೆ ಎಷ್ಟೋ ತಿಂಗಳು ಮೊದಲೇ ಚಿತ್ರೀಕರಣ ಆಗುವುದರಿಂದ, ಬೇಸಿಗೆಯ ಕಂತುಗಳಿಗೆ ಚಳಿಗಾಲದಲ್ಲಿ ಈಜುಡುಗೆ ತೊಡಬೇಕಾಗುತ್ತದೆ. ಆಲ್ಫ್ ಅಂಗಿ, ಟೋಪಿ ಹಾಕಿ ಓಡಾಡುವುದರಿಂದ ಬಚಾವ್!

ನಡುವೆ ಮಾರ್ ಬಿಡುವು ಮಾಡಿಕೊಂಡು ಲಂಡನ್ನಿನ ‘ಪ್ರಿಸಿಲ್ಲಾ’ ಸಂಗೀತ ನಾಟಕದಲ್ಲಿ ಬಾಬ್ ಎಂಬ ಮೆಕ್ಯಾನಿಕ್ ಆಗಿದ್ದರು. 2010ರಲ್ಲಿ, 65ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಟಿವಿ ಪ್ರಶಸ್ತಿಯಾದ ಗೋಲ್ಡ್ ಲೋಗಿ ಬಂತು. ಅದು ವೀಕ್ಷಕರ ಮತದಿಂದ ಕೊಡುವ ಜನಪ್ರಿಯತೆಯ ಪ್ರಶಸ್ತಿ, ಅಭಿನಯದ ತೀರ್ಪುಗಾರರದ್ದಲ್ಲ. ಈ ವ್ಯತ್ಯಾಸ ಹೇಳದೆ ‘ಶ್ರೇಷ್ಠ ನಟ’ ಅಂತ ಬರೆಯುವವರನ್ನು ನಂಬಬೇಡಿ.

ನೋಡಬೇಕು ಅಂದರೆ ಮೊದಲ ಕಂತಿನಿಂದ ಸಾಲಾಗಿ ಹಿಡಿಯಬೇಡಿ. ಎಂಟು ಸಾವಿರ ದಾಟಿವೆ. ನಿದ್ದೆಯಿಲ್ಲದೆ ಕೂತರೂ 120 ದಿನ ಬೇಕು. 1988ರ ಮೊದಲ ಕಂತು ಒಂದು, ಐಲ್ಸಾ ಸಾಯುವ 2000ದ ಭಾಗ ಇನ್ನೊಂದು, ಆಮೇಲೆ ಈ ವಾರದ್ದು ಯಾವುದಾದರೂ ಒಂದು ನೋಡಿ. ಅವರು ಒಳ್ಳೆಯ ನಟರಾ ಅನ್ನುವ ಅನುಮಾನ ಆಗಲೂ ಉಳಿದರೆ, ‘ಪ್ರಿಸನರ್’ನ ಕೊನೆಯ ಭಾಗದಲ್ಲಿ ಕ್ರೇವನ್ ಬರುವ ಎಪಿಸೋಡ್ ಹುಡುಕಿ. ಕ್ರೂರ ಜೈಲು ಗವರ್ನರ್, ಅದೇ ಮುಖ, ಅದೇ ಧ್ವನಿ, ಆದರೆ ಆ ಮನುಷ್ಯನ ಅಂಗಡಿಯಲ್ಲಿ ನೀವು ಗಾಳದ ಹುಳ ಕೂಡ ಕೊಳ್ಳುವುದಿಲ್ಲ.