ಟ್ರೊಪೋನಿನ್ ಜಾಸ್ತಿ ಬಂದರೆ ರಾಗಿ, ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕಾ?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರಿಗೆ ಎದೆ ಹಿಡಿದಂತಾಗಿ ಡೊಂಬಿವಿಲಿಯ ಆಸ್ಪತ್ರೆಗೆ ಸೇರಿಸಿದಿರಿ. ಟ್ರೊಪೋನಿನ್ ಜಾಸ್ತಿ ಬಂತು, ಸ್ಟೆಂಟ್ ಹಾಕಿದರು, ಈಗ ಮನೆಗೆ ಬಂದಿದ್ದಾರೆ. ಟ್ರೊಪೋನಿನ್ ಅಂದರೆ ಕ್ಯಾಲ್ಸಿಯಂ ಗುರುತಿಸುವ ಪ್ರೋಟೀನ್ ಎಂದು ಎಲ್ಲೋ ಓದಿ, ಅವರ ಕ್ಯಾಲ್ಸಿಯಂ ಮಾತ್ರೆ ಮತ್ತು ಬೆಳಗಿನ ರಾಗಿ ಅಂಬಲಿ ಎರಡನ್ನೂ ನಿಲ್ಲಿಸಿದ್ದೀರಿ. ಇಂಥ ಪ್ರೋಟೀನು ಮೆದುಳಲ್ಲೂ ಇದೆಯಂತೆ, ಮರೆವು ಬರಬಹುದಾ ಅಂತಲೂ ಕೇಳಿದ್ದೀರಿ.

ಅವರು ಮನೆಗೆ ಬಂದದ್ದು ಓದಿ ಸಮಾಧಾನ ಆಯಿತು. ನಾನು ಡಾಕ್ಟರ್ ಅಲ್ಲ, ಮುಂಬೈಯ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಆದರೆ ನೀವು ಕೇಳಿರುವುದು ನಾನು ದಿನಾ ಕ್ಲಾಸಿನಲ್ಲಿ ಹೇಳುವ ವಿಷಯವೇ. ಡಾಕ್ಟರು ಬೇರೆ ಕಾರಣಕ್ಕೆ ಬೇಡ ಎಂದಿಲ್ಲದಿದ್ದರೆ ಅಂಬಲಿ ಧಾರಾಳವಾಗಿ ಕೊಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅವರನ್ನು ಕೇಳಿ. ಯಾಕೆ ಅಂತ ಹೇಳುತ್ತೇನೆ.

ಟ್ರೊಪೋನಿನ್ ಎಂದರೆ ಒಂದೇ ಪ್ರೋಟೀನ್ ಅಲ್ಲ. ಸಿ, ಐ, ಟಿ ಎಂಬ ಮೂರು ಒಟ್ಟಿಗೆ ಕೂತಿರುತ್ತವೆ. ಕ್ಯಾಲ್ಸಿಯಂ ಹಿಡಿಯುವುದು ಸಿ ಮಾತ್ರ. ನಿಮ್ಮ ತಂದೆಯವರ ರಕ್ತದಲ್ಲಿ ಅಳೆದದ್ದು ಐ ಅಥವಾ ಟಿ. ಸಿಯನ್ನು ಅಳೆಯುವುದಿಲ್ಲ, ಏಕೆಂದರೆ ಹೃದಯದಲ್ಲಿರುವ ಅದೇ ಸಿ ನಮ್ಮ ಕೈಕಾಲಿನ ಕೆಲವು ಸ್ನಾಯುಗಳಲ್ಲೂ ಇದೆ. ಅದು ರಕ್ತದಲ್ಲಿ ಕಂಡರೆ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ಐ ಮತ್ತು ಟಿ ಹಾಗಲ್ಲ, ಅವುಗಳ ಹೃದಯದ ರೂಪವೇ ಬೇರೆ. ಹೃದಯದ ಜೀವಕೋಶಕ್ಕೆ ಪೆಟ್ಟು ಬಿದ್ದು ಒಡೆದರೆ ಅವು ರಕ್ತಕ್ಕೆ ಸೋರುತ್ತವೆ. ಅಂದರೆ ಆ ರಿಪೋರ್ಟು ಹೇಳಿದ್ದು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ ಅಂತ. ಕ್ಯಾಲ್ಸಿಯಂ ಜಾಸ್ತಿಯಾಗಿದೆ ಅಂತ ಅಲ್ಲವೇ ಅಲ್ಲ.

ಈಗ ಕ್ಯಾಲ್ಸಿಯಂ ವಿಷಯ. ಜೀವಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಒಳಗೆ ಬಂದದ್ದನ್ನು ಕೋಶ ಪಂಪ್ ಮಾಡಿ ಹೊರಹಾಕುತ್ತದೆ, ಇಲ್ಲವೇ ಒಳಗಿನ ಚೀಲಗಳಲ್ಲಿ ತುಂಬಿಡುತ್ತದೆ. ಹಾಗಾಗಿ ಬಾಗಿಲು ಕ್ಷಣಕಾಲ ತೆರೆದು ಚೂರು ಕ್ಯಾಲ್ಸಿಯಂ ಒಳಬಂದರೂ ಅದು ದೊಡ್ಡ ಸುದ್ದಿ. ಆ ಸುದ್ದಿಗೆ ಏನು ಅರ್ಥ ಎಂದು ತೀರ್ಮಾನಿಸುವವು ಈ ಗುರುತಿಸುವ ಪ್ರೋಟೀನುಗಳು. ದಾದರ್ ಸ್ಟೇಷನ್ನಿನಲ್ಲಿ ಒಂದೇ ಅನೌನ್ಸ್‌ಮೆಂಟ್ ಕೇಳಿ ಒಬ್ಬರು ಬ್ರಿಜ್ ಹತ್ತುತ್ತಾರೆ, ಇನ್ನೊಬ್ಬರು ಬೆಂಚಿನಲ್ಲಿ ಕೂತೇ ಇರುತ್ತಾರೆ, ಅಲ್ವಾ? ಹಾಗೆಯೇ ಕ್ಯಾಲ್ಸಿಯಂ ಎಲ್ಲೆಡೆ ಒಂದೇ, ಕೇಳಿಸಿಕೊಳ್ಳುವ ಪ್ರೋಟೀನು ಬೇರೆ ಬೇರೆ.

ಹೃದಯದಲ್ಲಿ ಹೇಗೆ ನಡೆಯುತ್ತದೆ ನೋಡಿ. ವಿದ್ಯುತ್ ಸಂಕೇತ ಬಂದಾಗ ಕೋಶದ ಗೋಡೆಯ ಕ್ಯಾಲ್ಸಿಯಂ ಚಾನೆಲ್ ತೆರೆಯುತ್ತದೆ. ಸ್ವಲ್ಪ ಕ್ಯಾಲ್ಸಿಯಂ ಒಳಬರುತ್ತದೆ. ಅದು ಒಳಗಿನ ಚೀಲದ ಬಾಗಿಲನ್ನು ತೆರೆಸಿ ಇನ್ನೂ ಹೆಚ್ಚು ಕ್ಯಾಲ್ಸಿಯಂ ಬಿಡಿಸುತ್ತದೆ. ಟ್ರೊಪೋನಿನ್ ಸಿ ಅದನ್ನು ಹಿಡಿದ ಕೂಡಲೇ ಐ ತನ್ನ ತಡೆ ಬಿಡುತ್ತದೆ. ಆಗ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಂಬ ಎಳೆಯನ್ನು ಹಿಡಿದು ಜಗ್ಗುತ್ತದೆ, ಹೃದಯ ಬಿಗಿಯುತ್ತದೆ. ಪಂಪುಗಳು ಕ್ಯಾಲ್ಸಿಯಂ ವಾಪಸ್ ಎಳೆದುಕೊಂಡ ಮೇಲೆ ಸಡಿಲವಾಗುತ್ತದೆ. ನಿಮಿಷಕ್ಕೆ 70 ಬಡಿತ ಎಂದರೂ ದಿನಕ್ಕೆ 1 ಲಕ್ಷ ಸಲ ಇದಾಗಬೇಕು.

ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯುವುದಿಲ್ಲ ಎಂದು ತೋರಿಸಿದ್ದು ಲಂಡನ್ನಿನ ಸಿಡ್ನಿ ರಿಂಗರ್, 1883ರಲ್ಲಿ. ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ನೋಡುತ್ತಿದ್ದರು. ನಲ್ಲಿ ನೀರಲ್ಲಿ ಮಾಡಿದ ದ್ರಾವಣದಲ್ಲಿ ಅದು ಚೆನ್ನಾಗಿ ಬಡಿಯುತ್ತಿತ್ತು. ಶುದ್ಧ ಬಟ್ಟಿ ನೀರಲ್ಲಿ ಮಾಡಿದ್ದರಲ್ಲಿ ನಿಧಾನವಾಗಿ ನಿಂತುಹೋಗುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಆ ಕೆಲಸ ಮಾಡುತ್ತಿತ್ತು. ವಾರ್ಡಿನಲ್ಲಿ ನರ್ಸುಗಳು ಆರ್‌ಎಲ್ ಎಂದು ಕರೆಯುವ ಡ್ರಿಪ್ ಬಾಟಲಿ ನೋಡಿರಬಹುದು. ರಿಂಗರ್ ಲ್ಯಾಕ್ಟೇಟ್. ಅದೇ ರಿಂಗರ್ ಹೆಸರು, ಅದರಲ್ಲಿ ಇವತ್ತಿಗೂ ಕ್ಯಾಲ್ಸಿಯಂ ಇರುತ್ತದೆ. ಸ್ನಾಯುವಿನಲ್ಲಿ ಆ ಕ್ಯಾಲ್ಸಿಯಂ ಹಿಡಿಯುವುದು ಟ್ರೊಪೋನಿನ್ ಎಂದು ಗೊತ್ತಾಗಲು 1960ರ ದಶಕ ಬರಬೇಕಾಯಿತು. ಜಪಾನಿನ ಸೆಟ್ಸುರೋ ಎಬಾಶಿ ಅದನ್ನು ಕಂಡುಹಿಡಿದರು.

ಇನ್ನು ಮೆದುಳು. ಹೃದಯ, ಮೆದುಳು ಎರಡೂ ಕಡೆ ಇರುವ ಪ್ರೋಟೀನ್ ಕ್ಯಾಲ್ಮೊಡ್ಯುಲಿನ್. ನನಗೆ ಅತಿ ಪ್ರೀತಿಯ ಪ್ರೋಟೀನು ಇದು. 148 ಅಮೈನೋ ಆಮ್ಲಗಳ ಪುಟ್ಟದು, 4 ಕ್ಯಾಲ್ಸಿಯಂ ಹಿಡಿಯುತ್ತದೆ. ಎಂ.ಎಸ್ಸಿ. ಮಕ್ಕಳಿಗೆ ಇದನ್ನು ಜೆಲ್ ಮೇಲೆ, ಅಂದರೆ ಲೋಳೆಯಂಥ ತೆಳು ಹಾಳೆಯಲ್ಲಿ ವಿದ್ಯುತ್ ಹರಿಸಿ, ಓಡಿಸಿ ತೋರಿಸುತ್ತೇನೆ. ಒಂದೇ ಟ್ಯೂಬಿನಿಂದ ತೆಗೆದ ಪ್ರೋಟೀನು. ಒಂದು ಪಾಲಿಗೆ ಕ್ಯಾಲ್ಸಿಯಂ, ಇನ್ನೊಂದಕ್ಕೆ ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಜಿಟಿಎ. ಬಣ್ಣ ಹಾಕಿ ತೊಳೆದ ಮೇಲೆ ಅಕ್ಕಪಕ್ಕದಲ್ಲಿ ಎರಡು ನೀಲಿ ಗೆರೆ ಕಾಣುತ್ತವೆ, ಒಂದು ಮೇಲೆ, ಒಂದು ಕೆಳಗೆ. ಕ್ಯಾಲ್ಸಿಯಂ ಸಿಕ್ಕಿದ್ದು ಬೇಗ ಓಡಿ ಕೆಳಗೆ ಇಳಿದಿರುತ್ತದೆ. ಅಮೈನೋ ಆಮ್ಲ ಒಂದೂ ಬದಲಾಗಿಲ್ಲ, ಕ್ಯಾಲ್ಸಿಯಂ ಕಟ್ಟಿಕೊಂಡು ಪ್ರೋಟೀನಿನ ಆಕಾರ ಬದಲಾಗಿದೆ, ಅಷ್ಟೇ. ಆ ಹೊಸ ಆಕಾರವೇ ಬೇರೆ ಪ್ರೋಟೀನುಗಳನ್ನು ಹಿಡಿದು ಎಬ್ಬಿಸುವುದು.

(ನಮ್ಮ ಊರಲ್ಲೇ ಇಂಥ ಕೆಲಸ ಆಗಿದೆ. ಆಮಶಂಕೆ ತರುವ ಅಮೀಬಾದಲ್ಲೂ ಕ್ಯಾಲ್ಮೊಡ್ಯುಲಿನ್ ಹೋಲುವ ಪ್ರೋಟೀನು ಇದೆ. ಅದರ ಆಕಾರವನ್ನು ಕೊಲಾಬಾದ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯವರು ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಜೊತೆ ಸೇರಿ ಬಿಡಿಸಿದ್ದರು.)

ಮೆದುಳಿನಲ್ಲಿ ಕ್ಯಾಲ್ಮೊಡ್ಯುಲಿನ್ ಎಬ್ಬಿಸುವ ಒಂದು ಮುಖ್ಯ ಕಿಣ್ವದ ಹೆಸರು ಕ್ಯಾಮ್‌ಕೈನೇಸ್ 2. 12 ತುಂಡುಗಳು ಸೇರಿದ ದೊಡ್ಡ ಕಿಣ್ವ. ಒಂದು ತುಂಡು ಪಕ್ಕದ್ದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಹಾಗಾಗಿ ಕ್ಯಾಲ್ಸಿಯಂ ಹೊರಟುಹೋದ ಮೇಲೂ ಅದು ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ, ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ. ಇದರ ಒಂದು ಮುಖ್ಯ ರೂಪ ಇಲ್ಲದ ಇಲಿಗಳಿಗೆ ಜಾಗ ನೆನಪಿಟ್ಟುಕೊಳ್ಳುವುದು ಕಷ್ಟವಾಯಿತು ಎಂದು 1992ರಲ್ಲಿ ಆಲ್ಸಿನೋ ಸಿಲ್ವಾ ಮತ್ತು ಸಂಗಡಿಗರು ತೋರಿಸಿದರು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳಿಸಲು ಇರುವುದು ಬೇರೆ ಪ್ರೋಟೀನು, ಸಿನಾಪ್ಟೊಟ್ಯಾಗ್ಮಿನ್. ಅದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಕೆಲಸ ಮುಗಿಸುತ್ತದೆ. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಥಾಮಸ್ ಸೂಡಾಫ್‌ಗೆ 2013ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹೃದಯದಲ್ಲಿ ಇದೇ ಕ್ಯಾಲ್ಮೊಡ್ಯುಲಿನ್ ಕ್ಯಾಲ್ಸಿಯಂ ಚಾನೆಲನ್ನು ಸರಿಯಾದ ಸಮಯಕ್ಕೆ ಮುಚ್ಚಿಸುತ್ತದೆ. ಇದನ್ನು ತಯಾರಿಸಲು ನಮ್ಮಲ್ಲಿ 3 ಜೀನುಗಳಿವೆ. ಮೂರೂ ಮಾಡುವುದು ಅಕ್ಷರಶಃ ಒಂದೇ ಪ್ರೋಟೀನು. ಅಪ್ಪನದು, ಅಮ್ಮನದು ಸೇರಿ 6 ಪ್ರತಿ. ಅಷ್ಟು ಪ್ರತಿ ಇರುವಾಗ ಒಂದು ಕೆಟ್ಟರೆ ಏನೂ ಆಗಲಿಕ್ಕಿಲ್ಲ ಅನ್ನಿಸುತ್ತದೆ. ಹಾಗಿಲ್ಲ. 2012ರಲ್ಲಿ ಸ್ವೀಡನ್ನಿನ ಒಂದು ಕುಟುಂಬದಲ್ಲಿ, 2013ರಲ್ಲಿ ಮತ್ತೆ ಮತ್ತೆ ಹೃದಯ ನಿಲ್ಲುತ್ತಿದ್ದ ಎಳೆಯ ಮಕ್ಕಳಲ್ಲಿ ಈ ದೋಷ ಸಿಕ್ಕಿತು. 6ರಲ್ಲಿ ಒಂದೇ ಪ್ರತಿಯಲ್ಲಿ, ಒಂದೇ ಅಮೈನೋ ಆಮ್ಲ ಬದಲಾಗಿತ್ತು. ಹೃದಯದ ತಾಳ ತಪ್ಪಿಸುವ ಬಹಳ ಅಪರೂಪದ ಕಾಯಿಲೆ, ನಿಮ್ಮ ತಂದೆಯವರಿಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಓದುವವರಲ್ಲಿ ಮಕ್ಕಳಿರುವವರು ಇದ್ದೀರಿ. ಓಡುವಾಗ, ಈಜುವಾಗ ಅಥವಾ ತುಂಬ ಗಾಬರಿಯಾದಾಗ ಮಗು ಎಚ್ಚರ ತಪ್ಪಿ ಬಿದ್ದರೆ ಸುಮ್ನೆ ನಿಶ್ಶಕ್ತಿ ಎಂದು ಬಿಡಬೇಡಿ. ಫಿಟ್ಸ್ ಎಂದು ತಿಳಿದುಕೊಳ್ಳುವುದೂ ಉಂಟು. ಹೃದಯದ ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿ.

ಮತ್ತೆ ರಾಗಿಗೆ ಬರೋಣ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಇಲ್ಲಿನ ಅಂಗಡಿಗಳಲ್ಲಿ ನಾಚಣಿ ಎಂದು ಮಾರುವುದೂ ಅದನ್ನೇ. ಅದು ತಿಂದ ಕೂಡಲೇ ಹೃದಯದ ಕೋಶದೊಳಗೆ ನುಗ್ಗುವುದಿಲ್ಲ. ಕುತ್ತಿಗೆಯಲ್ಲಿ, ಥೈರಾಯ್ಡ್ ಹಿಂದೆ, ಪ್ಯಾರಾಥೈರಾಯ್ಡ್ ಎಂಬ ಸಣ್ಣ ಗ್ರಂಥಿಗಳಿವೆ. ಅವುಗಳ ಮೈಮೇಲೆ ಇನ್ನೊಂದು ಕ್ಯಾಲ್ಸಿಯಂ ಗುರುತಿಸುವ ಪ್ರೋಟೀನು ಕೂತು ರಕ್ತದ ಕ್ಯಾಲ್ಸಿಯಂ ನೋಡುತ್ತಿರುತ್ತದೆ. ಕಡಿಮೆಯಾದರೆ ಹಾರ್ಮೋನ್ ಬಿಟ್ಟು ಮೂಳೆಯಿಂದ ತರಿಸುತ್ತದೆ. ಜಾಸ್ತಿಯಾದರೆ ಹಾರ್ಮೋನ್ ತಗ್ಗಿಸುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಬಿಟ್ಟರೆ ಹೃದಯಕ್ಕೆ ಏನೂ ಉಳಿತಾಯ ಆಗುವುದಿಲ್ಲ, ನಷ್ಟ ಮೂಳೆಗೆ. ಊಟದ ಕ್ಯಾಲ್ಸಿಯಂನಿಂದ ಮರೆವು ಬರುತ್ತದೆ ಎಂಬ ಭಯವೂ ಬೇಡ.

ಮಾತ್ರೆಯ ಪಟ್ಟಿಯಲ್ಲಿ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಇದ್ದು, ಅದು ಕ್ಯಾಲ್ಸಿಯಂ ಬ್ಲಾಕರ್ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಅದು ಮುಖ್ಯವಾಗಿ ರಕ್ತನಾಳದ ಗೋಡೆಯ ಚಾನೆಲ್ ಮುಚ್ಚಿ ನಾಳ ಸಡಿಲಿಸುತ್ತದೆ. ಸಿಟಿ ಸ್ಕ್ಯಾನಿನ ಕ್ಯಾಲ್ಸಿಯಂ ಸ್ಕೋರ್ ಕೂಡ ಬೇರೆ ವಿಷಯ, ಅದು ನಾಳದ ಗೋಡೆಯಲ್ಲಿ ಗಟ್ಟಿಯಾಗಿ ಕೂತದ್ದು.

ಮುಂದಿನ ಸಲ ತೋರಿಸಲು ಹೋದಾಗ ಎಲ್ಲ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ಕ್ಯಾಲ್ಸಿಯಂ ಮಾತ್ರೆ ಯಾಕೆ ಕೊಟ್ಟಿದ್ದರು, ಇನ್ನೂ ಬೇಕಾ ಎಂದು ನೇರವಾಗಿ ಕೇಳಿ. ಕಿಡ್ನಿ ತೊಂದರೆ ಅಥವಾ ಕಲ್ಲು ಇದ್ದರೆ, ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಆಗ ಲೆಕ್ಕ ಬೇರೆ. ಬೇಕೆನಿಸಿದರೆ ರಕ್ತದ ಕ್ಯಾಲ್ಸಿಯಂ ಟೆಸ್ಟ್ ಬರೆದುಕೊಡುತ್ತಾರೆ. ಮತ್ತೆ ಸ್ಟೆಂಟ್ ಹಾಕಿದವರಿಗೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರದ ಮಾತ್ರೆಗಳನ್ನು ಡಾಕ್ಟರು ಹೇಳದೆ ಒಂದು ದಿನವೂ ತಪ್ಪಿಸಬೇಡಿ.